ಫೋನಿನಲ್ಲಿ ಓದಿದ ಪಂಚಾಂಗ

ಆದೋನಿಯ ಏಕಾಂತಪ್ಪನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಆ ವರ್ಷ ಅನ್ನಪೂರ್ಣಾಬಾಯಿ ಮಾತಾಡಿದರೆ ಮಿಷನ್ನುಗಳು ನಿಲ್ಲುತ್ತಿದ್ದವು, ಮಾತು ಮುಗಿಸಿದರೆ ಓಡುತ್ತಿದ್ದವು. ಇದು ಆಕೆಯ ಮಾತಿನ ಮಹಿಮೆಯಲ್ಲ. ಆಕೆಯ ಮಾತಿಗೆ ಮನೆಯ ಬೆಕ್ಕು ಕೂಡ ನಿಂತು ಕೇಳಿದ್ದಿಲ್ಲ. ಎಲ್ಲ ಹೊಸ ಫೋನಿನ ಮಹಿಮೆ.

ಎಂಬತ್ತೇಳರ ಹತ್ತಿ ಸುಗ್ಗಿ. ಆಫೀಸಿನಲ್ಲಿ ಫೋನೆತ್ತಿ ಕೆಂಪು ಗುಂಡಿ ಒತ್ತಿ ಮಾತಾಡಿದರೆ ಜಿನ್ ಶೆಡ್ಡಿನ ಲೌಡ್‌ಸ್ಪೀಕರುಗಳಲ್ಲಿ ಕೇಳುವಂತೆ ಬಳ್ಳಾರಿಯ ಟೆಕ್ನೀಷಿಯನ್ ಅನಂತ ಬಂದು ಜೋಡಿಸಿದ. ಆದರೆ ಕೇಳಿಸಬೇಕಲ್ಲ! ಹತ್ತಿಯಿಂದ ಬೀಜ ಬಿಡಿಸುವ, ಸಾಲುಗಟ್ಟಿದ ಜಿನ್ನುಗಳ ಗದ್ದಲದಲ್ಲಿ ಗುಡುಗಿದರೂ ಗೊತ್ತಾಗುವುದಿಲ್ಲ. ಅದಕ್ಕೆ ಅನಂತ ಫೋನಿನ ಪೆಟ್ಟಿಗೆಯೊಳಗಿನ ಒಂದು ರಿಲೇಯಿಂದ ವೈರು ಎಳೆದು ಜಿನ್ನುಗಳ ಸ್ವಿಚ್ಚಿಗೆ ಕೊಟ್ಟ. ಕೆಂಪು ಗುಂಡಿ ಒತ್ತಿದರೆ ರಿಲೇ ಟಕ್ ಎನ್ನುತ್ತದೆ, ಜಿನ್ನುಗಳ ಕರೆಂಟು ಹೋಗುತ್ತದೆ.

"ಇದಕ್ಕ ಎರಡು ತರಾ ಹೇಳಿಡಬಹುದ್ರಿ ಸಾವ್ಕಾರ್ರ," ಎಂದ ಅನಂತ. "ಕೋಡ್ ಹೊಡದು ಒಂದು ಒತ್ತಿದ್ರ, ಫೋನ್ ಇಟ್ಟ ಕೂಡ್ಲೆ ಮಿಷನ್ ತಾವಽ ಚಾಲೂ ಆಗ್ತಾವ. ಎರಡು ಒತ್ತಿದ್ರ ಆಗಂಗಿಲ್ಲ. ಮೇಸ್ತ್ರಿ ಶೆಡ್ಡಿನ್ಯಾಗ ಎಲ್ಲಾ ನೋಡಿ ಚಾಲೂ ಮಾಡಬೇಕು. ನನ್ನ ಕೇಳಿದ್ರ ಎರಡಽ ಚೊಲೋ."

ಏಕಾಂತಪ್ಪ ನಕ್ಕ. "ನಮ್ಮ ಮೇಸ್ತ್ರಿ ಚಂದ್ರಣ್ಣ ಹೊಟ್ಟಿ ಹೊತ್ಕೊಂಡು ಅಲ್ಲೀಮಟ ಹೋಗೂದ್ರಾಗ ಸುಗ್ಗಿನಽ ಮುಗೀತೈತಿ. ಒಂದು ಒತ್ತಪಾ."

ಅನಂತ ಅನ್ನಪೂರ್ಣಾಬಾಯಿಯ ಮೇಜಿನ ಮೇಲಿದ್ದ ಫೋನಿನಲ್ಲಿಯೇ ಕೋಡ್ ಹೊಡೆದು ಒಂದು ಒತ್ತಿದ. ಹೋಗುವಾಗ ಆಕೆಗೆ ಆ ಕೋಡ್ ಬಾಯಿಪಾಠ ಮಾಡಿಸಿ, "ಅವರ ಮನಸು ಬದಲಾದ್ರ ನೀವಽ ಎರಡು ಒತ್ರಿ ಅಕ್ಕಾರ. ಅದಕ್ಕ ನಾ ಬರೂದು ಬ್ಯಾಡ," ಎಂದ.

ಅನ್ನಪೂರ್ಣಾಬಾಯಿ ತಲೆಯಾಡಿಸಿದಳು. ಗಂಡ ಇದೇ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ. ಅವನು ತೀರಿಕೊಂಡಮೇಲೆ ಸಾವ್ಕಾರ ಕರೆದು ಕೊಟ್ಟ ಕುರ್ಚಿ ಅದು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಕೊಟ್ಟ ಕೈ ಕಸಿದುಕೊಳ್ಳಲು ಎಷ್ಟು ಹೊತ್ತು? ಎದುರಾಡದೆ, ಯಾರ ಕಣ್ಣಿಗೂ ಬೀಳದೆ ದಿನ ನೂಕುವುದು ಆಕೆಯ ನೇಮವಾಗಿತ್ತು.

ಜಿನ್ನಿಗೆ ಹತ್ತಿ ಹಾಕುವ ಹೆಂಗಸರಲ್ಲಿ ಆಸ್ಪರಿಯಿಂದ ಬರುವ ಬಸವಕ್ಕ ಮಧ್ಯಾಹ್ನ ಆಫೀಸಿನ ಹರವಿಯಿಂದ ನೀರು ಒಯ್ಯುತ್ತಿದ್ದಳು. ಒಂದು ದಿನ ಬಂದವಳು ನೀರು ಮುಟ್ಟದೆ ಬಲಗೈ ಚಾಚಿದಳು. ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ. ಮಣಿಕಟ್ಟಿನ ತುಂಬ ಗಾಜು ಗೀರಿದ ಗಾಯ.

"ರೋಲರಿನ್ಯಾಗ ಹತ್ತಿ ಸಿಕ್ಕೊಂಡ್ರ ಮೊದಲ ಮೇಸ್ತ್ರಿನ ಕರದು, ಬೈಸ್ಕೊಂಡು, ಮಿಷನ್ ನಿಂದ್ರಿಸಿ ತಗೀತಿದ್ವಿ. ಈಗ ನೀವು ಫೋನ್ ಎತ್ತಿದಾಗ ಕೈ ಹಾಕಿ ತಗೀತೀವ್ರಿ. ನಿಮ್ಮ ಮಾತು ಭಾಳ ಲಗೂ ಮುಗೀತೈತಿ ಬಾಯಾರ. ಇವತ್ತು ಬಳಿ ಹೋದ್ವು. ನಾಳೆ ಕೈ ಹೋಗತೈತಿ."

ಅನ್ನಪೂರ್ಣಾಬಾಯಿ ಆ ಗಾಯ ನೋಡಿದಳು, ಫೋನ್ ನೋಡಿದಳು. ಕೋಡ್ ನಾಲಿಗೆಯ ತುದಿಯಲ್ಲೇ ಇತ್ತು, ಫೋನು ಕೈಯಳತೆಯಲ್ಲಿತ್ತು. ಆದರೆ ಸಾವ್ಕಾರ ಒಂದು ಎಂದಮೇಲೆ ಎರಡು ಒತ್ತಲು ತಾನು ಯಾರು? "ನಾಳಿಂದ ಉದ್ದ ಮಾತಾಡ್ತೀನಿ ತಗೋ ಬಸವಕ್ಕ," ಎಂದಳು.

ಉದ್ದ ಮಾತಾಡಲು ಮಾತು ಬೇಕಲ್ಲ? ಮರುದಿನ ಚಂದ್ರಣ್ಣನನ್ನು ಕರೆದಾದಮೇಲೆ ಬಾಯಿಗೆ ಬಂದದ್ದು ದಿನಾ ಬೆಳಿಗ್ಗೆ ಮನೆಯಲ್ಲಿ ನೋಡುತ್ತಿದ್ದ ಪಂಚಾಂಗ. "ಇವತ್ತು ಮಾರ್ಗಶಿರ ಶುದ್ಧ ದಶಮಿ, ರೇವತಿ ನಕ್ಷತ್ರ. ನಾಳೆ ಏಕಾದಶಿ, ಉಪವಾಸ..." ಎಂದು ನಿಧಾನವಾಗಿ ಹೇಳಿ, ಕೊನೆಗೆ, "ಕೈ ತಗೀರವ್ವಾ, ಇಡ್ತೀನಿ," ಎಂದಳು. ಶೆಡ್ಡಿನಲ್ಲಿ ನಗೆಯೋ ನಗೆ. "ಬಾಯಾರ ಪುಣ್ಯದಾಗ ನಮ್ಮನಿಗೂ ಏಕಾದಶಿ ಬಂತಲ್ಲವ್ವಾ!" ಎಂದು ಪಕ್ಕದ ಜಿನ್ನಿನ ಮುಸ್ಲಿಂ ಹೆಂಗಸು ದಸ್ತಗಿರಮ್ಮ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು. ಅಂದಿನಿಂದ ಅದೇ ಪದ್ಧತಿಯಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಉಪಾಯ ಅನ್ನಪೂರ್ಣಾಬಾಯಿಗೆ ನೆಮ್ಮದಿ ಕೊಟ್ಟಿತು. ಹಾವು ಇನ್ನೂ ಬದುಕಿದೆ ಎಂಬುದನ್ನು ಆಕೆ ಯೋಚಿಸಲಿಲ್ಲ.

ಒಂದು ದಿನ ಏಕಾಂತಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ.

"ಏನ್ರಿ ಬಾಯಾರ, ಇದು ಮಿಲ್ಲೋ ಮಠವೋ? ನಿಮ್ಮ ತಿಥಿ ಕೇಳಾಕ ನನ್ನ ಮಿಷನ್ ನಿಂದರಬೇಕೇನು? ಹೆಸರು ಕರೀರಿ, ಫೋನ್ ಇಡ್ರಿ. ಆಗಂಗಿಲ್ಲಂದ್ರ ಹೇಳ್ರಿ, ಬ್ಯಾರೆಯವರನ್ನ ನೋಡ್ಕೋತೀನಿ." ಎದುರಿನ ಕುರ್ಚಿಯಲ್ಲಿ ಕೂತ. "ಈಗ ಚಂದ್ರಣ್ಣನ್ನ ಕರೀರಿ, ನೋಡೂಣು."

ಆಕೆ ಫೋನೆತ್ತಿ ಗುಂಡಿ ಒತ್ತಿದಳು. ಶೆಡ್ಡು ಸ್ತಬ್ಧವಾಯಿತು. "ಚಂದ್ರಣ್ಣ, ಆಫೀಸಿಗೆ ಬರ್ರಿ." ಆ ದಿನದ ತಿಥಿ ಗಂಟಲಿಗೆ ಬಂದು ನಿಂತಿತು. ಏಕಾಂತಪ್ಪ ನೋಡುತ್ತಲೇ ಇದ್ದ. ಕೈ ತಗೀರಿ ಎಂಬ ಎರಡು ಮಾತನ್ನೂ ಆಡದೆ ಆಕೆ ಫೋನ್ ಇಟ್ಟಳು.

ಪಂಚಾಂಗ ಇನ್ನೂ ಬರಲಿಕ್ಕಿದೆ ಎಂದು ನಂಬಿ ಬಸವಕ್ಕ ಕೈ ಒಳಗಿಟ್ಟಿದ್ದಳು.

ಜಿನ್ನುಗಳ ಗದ್ದಲದ ಮೇಲೂ ಆ ಕೂಗು ಕೇಳಿತು. ಅನ್ನಪೂರ್ಣಾಬಾಯಿ ಮತ್ತೆ ಫೋನ್ ಕಿತ್ತೆತ್ತಿ ಗುಂಡಿ ಒತ್ತಿದಳು. ಮಿಷನ್ನುಗಳು ನಿಂತವು, ಕೂಗು ನಿಲ್ಲಲಿಲ್ಲ. ಶೆಡ್ಡಿಗೆ ಓಡಿದ ಏಕಾಂತಪ್ಪ ಹಾಗೆಯೇ ತಿರುಗಿ ಓಡಿ ಬಂದ.

"ಡಾಕ್ಟರಿಗೆ ಫೋನ್ ಮಾಡಬೇಕು, ಇಡ್ರಿ!"

"ಇಟ್ರ ಓಡತಾವ್ರಿ!" ಆಕೆ ಚೀರಿದಳು. ಸಾವ್ಕಾರನ ಮುಂದೆ ಆಕೆ ದನಿ ಎತ್ತಿದ್ದು ಅದೇ ಮೊದಲು.

ಚಂದ್ರಣ್ಣ ಏದುತ್ತ ಬಂದ. "ಮೇನ್ ಸ್ವಿಚ್ ತಗದೀನ್ರಿ ಬಾಯಾರ, ಇನ್ನ ಓಡಂಗಿಲ್ಲ. ಇಡ್ರಿ." ಆಕೆಗೆ ಮಾತು ಅರ್ಥವಾಯಿತು, ಕೈಗೆ ಅರ್ಥವಾಗಲಿಲ್ಲ. ಅವನೇ ಆಕೆಯ ಬೆರಳುಗಳನ್ನು ಬಿಡಿಸಿ ಫೋನ್ ತೆಗೆದುಕೊಳ್ಳಬೇಕಾಯಿತು.

ಮರುದಿನ ಅನ್ನಪೂರ್ಣಾಬಾಯಿ ಯಾರನ್ನೂ ಕೇಳದೆ ಕೋಡ್ ಹೊಡೆದು ಎರಡು ಒತ್ತಿದಳು. ಏಕಾಂತಪ್ಪ ನೋಡಿ ಲೆಕ್ಕದ ಪುಸ್ತಕಕ್ಕೆ ತಿರುಗಿದ. ಆಕಾಶ ಕಳಚಿ ಬೀಳಲಿಲ್ಲ, ಕುರ್ಚಿಯೂ ಹೋಗಲಿಲ್ಲ. ಕರೆ ಮುಗಿದಾಗಲೆಲ್ಲ ಚಂದ್ರಣ್ಣ ಹೊಟ್ಟೆ ಹೊತ್ತುಕೊಂಡು ಹೋಗಿ ಮಿಷನ್ ಚಾಲೂ ಮಾಡತೊಡಗಿದ. ಇಷ್ಟೇ ಆಗಿತ್ತು ಕೆಲಸ.

ಸಂಕ್ರಾಂತಿ ಕಳೆದಮೇಲೆ ಬಸವಕ್ಕ ಕಸ ಹೊಡೆಯುವ ಕೆಲಸಕ್ಕೆ ಬಂದಳು. ಬಲಗೈಯ ಎರಡು ಬೆರಳು ಇರಲಿಲ್ಲ. ಹರವಿ ಬಗ್ಗಿಸಲು ಬಾರದೆ ನಿಂತವಳಿಗೆ ಅನ್ನಪೂರ್ಣಾಬಾಯಿ ಎದ್ದು ಬಂದು ನೀರು ಹಾಕಿಕೊಟ್ಟಳು.

"ಈಗ ಫೋನ್ ಇಟ್ರೂ ಮಿಷನ್ ಓಡಂಗಿಲ್ಲಂತಲ್ರಿ. ಯಾರು ಬಂದು ಸರಿ ಮಾಡಿದ್ರು?"

"ಯಾರೂ ಬಂದಿಲ್ಲ. ಒಂದು ಗುಂಡಿ ಒತ್ತೂದಿತ್ತು. ನಾನಽ ಒತ್ತಿದೆ."

ಬಸವಕ್ಕ ಲೋಟ ಕೆಳಗಿಟ್ಟಳು. "ನಿಮಗ ಮೊದಲಽ ಗೊತ್ತಿತ್ತೇನ್ರಿ?"

ಇಲ್ಲ ಎನ್ನಬಹುದಿತ್ತು. ಅನಂತ ಕೋಡ್ ಕಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಸುಳ್ಳು ಹೊರಡಲಿಲ್ಲ.

"ಗೊತ್ತಿತ್ತು ಬಸವಕ್ಕ."

ಬಸವಕ್ಕ ಬೈಯಲಿಲ್ಲ, ಅಳಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು, ನಿಜವಾಗಿಯೂ ತಿಳಿಯದವಳ ಹಾಗೆ ಕೇಳಿದಳು. "ಹಂಗಾದ್ರ ನಮಗ ಪಂಚಾಂಗ ಯಾಕ ಓದಿದ್ರಿ ಬಾಯಾರ?"