ಲೋಕಮ್ಮನ ಕಾಗದದ ಪಟ್ಟಿ

ಶಿಕಾರಿಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗಂಗಾಧರಪ್ಪನಿಗೆ ಜಾದೂ ಮಾಡುವ ಹುಚ್ಚು. ಮದುವೆ ಮನೆ, ಶಾಲೆಯ ವಾರ್ಷಿಕೋತ್ಸವ, ಸೊಸೈಟಿಯ ಸಭೆ, ಯಾರು ಎಲ್ಲಿಗೆ ಕರೆದರೂ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಹೊರಟುಬಿಡುತ್ತಿದ್ದ. ನಿಂಬೆಹಣ್ಣು ಮಾಯ ಮಾಡುವುದು, ಹಗ್ಗ ಕತ್ತರಿಸಿ ಕೂಡಿಸುವುದು ಎಲ್ಲ ಬರುತ್ತಿತ್ತು. ಆದರೆ ಜನ ಕಾದು ಕೂರುತ್ತಿದ್ದದ್ದು ಕೊನೆಯ ಆಟಕ್ಕೆ.

ಅದು ಕಾಗದದ ಪಟ್ಟಿಯ ಆಟ. ಮೊದಲು ಊರಿನ ಹಿರಿಯರೊಬ್ಬರ ಕೈಗೆ ಅಂಟಿಸಿದ ಲಕೋಟೆ ಕೊಡುತ್ತಿದ್ದ. ಆಮೇಲೆ ದಿನಪತ್ರಿಕೆಯಿಂದ ಮೊಳದುದ್ದದ ಒಂದು ಪಟ್ಟಿ ಕತ್ತರಿಸಿಕೊಂಡು ಎತ್ತಿ ಹಿಡಿದು, ಅದರ ಪಕ್ಕದಲ್ಲಿ ಕತ್ತರಿಯನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ತರುತ್ತಿದ್ದ. ಸಭೆಯಲ್ಲಿ ಯಾರಾದರೂ ತಮಗೆ ತೋಚಿದ ಕಡೆ 'ನಿಲ್ಲಿಸಿ' ಅನ್ನಬೇಕು. ಅಂದಲ್ಲೇ ಕಚಕ್ಕನೆ ಕತ್ತರಿಸಿದರೆ ಕೆಳಗಿನ ತುಂಡು ನೆಲಕ್ಕೆ ಬೀಳುತ್ತಿತ್ತು. ಅದನ್ನು ಎತ್ತಿಕೊಂಡು ಮೊದಲ ಸಾಲು ಓದಿಸಿ, ಲಕೋಟೆ ಒಡೆಸಿದರೆ ಒಳಗೂ ಅದೇ ಸಾಲು! ಜನ ಹೋ ಎಂದು ಎದ್ದು ನಿಲ್ಲುತ್ತಿದ್ದರು.

ಆಟ ಶುರು ಮಾಡುವ ಮುಂಚೆ ಗಂಗಾಧರಪ್ಪ ಪ್ರತಿ ಸಲವೂ ಕೈಮುಗಿದು, "ಇದು ನನ್ನ ವಿದ್ಯೆ ಅಲ್ರೀ. ಸೊರಬದ ಆನಂದಪ್ಪನವರು ಕಲಿಸಿದ್ದು" ಅನ್ನುತ್ತಿದ್ದ. ಅವನು ಹುಡುಗನಾಗಿದ್ದಾಗ ಶಿಕಾರಿಪುರದಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯಲ್ಲಿ ಆನಂದಪ್ಪ ಹಾಸ್ಯದ ಪಾತ್ರ ಮಾಡುತ್ತಿದ್ದ. ಚಳಿಜ್ವರ ಹಿಡಿದು ಮಲಗಿದವನನ್ನು ಕಂಪನಿ ಬಿಟ್ಟುಹೋದಾಗ ಗಂಗಾಧರಪ್ಪನ ತಾಯಿ ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟು ಗಂಜಿ ಕೊಟ್ಟು ಎಬ್ಬಿಸಿದ್ದರು. ಹೊರಡುವ ದಿನ ಆನಂದಪ್ಪ ಆ ಮನೆಯ ಹುಡುಗನಿಗೆ ಈ ಆಟ ಕಲಿಸಿ, "ಆಡೋವಾಗ ಕಲಿಸಿದೋರ ಹೆಸರು ಹೇಳಬೇಕು ನೋಡು" ಅಂದಿದ್ದ. ಅಷ್ಟೇ. ಆದರೆ ಕೇಳಿದವರು ಆ ಹೆಸರನ್ನೂ ಆಟದ ಒಂದು ಭಾಗ ಅಂದುಕೊಂಡಿದ್ದರು. ಸೊರಬದ ಆನಂದಪ್ಪ ಅಂದರೆ ಯಾವುದೋ ಸಿದ್ಧಪುರುಷನ ಗದ್ದುಗೆ ಇರಬೇಕು ಎಂದು ಕೆಲವರ ನಂಬಿಕೆ.

ಏಕೀಕರಣವಾದ ಮರುವರ್ಷ ಸೊರಬದಲ್ಲಿ ಹೊಸ ವಾಚನಾಲಯದ ಉದ್ಘಾಟನೆಗೆ ಗಂಗಾಧರಪ್ಪನನ್ನು ಕರೆದರು. ಬಸ್ಸಿಳಿದವನೇ ಅವನು ಹೋದದ್ದು ಕಂಪನಿ ಬಿಟ್ಟ ಮೇಲೆ ಆನಂದಪ್ಪ ಅಲ್ಲಿ ಇಟ್ಟುಕೊಂಡಿದ್ದ ಹೋಟೆಲಿಗೆ. ಸಿದ್ಧಪುರುಷನಿಗೆ ಈಗ ತಲೆಯೆಲ್ಲ ನೆರೆತು, ಕೈ ನಡುಗುತ್ತಿತ್ತು. ಕಾಫಿ ಲೋಟ ತಂದಿಡುವಷ್ಟರಲ್ಲಿ ಅರ್ಧ ಕೆಳಗಿನ ಬಸಿಯಲ್ಲಿರುತ್ತಿತ್ತು.

"ಸಂಜೆ ನೀವು ಮುಂದಿನ ಸಾಲಲ್ಲೇ ಕೂರಬೇಕು" ಅಂದ ಗಂಗಾಧರಪ್ಪ.

"ಹೋಟ್ಲು ಯಾರು ನೋಡ್ಕೋತಾರೆ ಮಾರಾಯ?" ಎಂದು ಗೊಣಗಿದರೂ ಆನಂದಪ್ಪ ಸಂಜೆ ಒಗೆದ ಅಂಗಿ ತೊಟ್ಟು ಬಂದ.

ಕೊನೆಯ ಆಟಕ್ಕೆ ಪತ್ರಿಕೆ ಬೇಕಾಯಿತು. ಅಂದಿನ ಪತ್ರಿಕೆಗೆ ಕತ್ತರಿ ಹಾಕಿದರೆ ನಾಳೆ ಓದುವವರಿಗೆ ಏನು ಕೊಡೋಣ ಎಂದು ವಾಚನಾಲಯದವರು ಒಪ್ಪಲಿಲ್ಲ. ನಗುವಿನ ನಡುವೆ ಹಳೆಯದೊಂದು ಸಿಕ್ಕಿತು. ಗಂಗಾಧರಪ್ಪ ಅದರ ಮೇಲೆ ಕಣ್ಣಾಡಿಸಿ, ಚೀಟಿ ಬರೆದು ಲಕೋಟೆಯಲ್ಲಿ ಅಂಟಿಸಿ ಹಿರಿಯರೊಬ್ಬರ ಕೈಗೆ ಕೊಟ್ಟ. ಎಂದಿನಂತೆ ಕೈಮುಗಿದು, "ಇದನ್ನು ಕಲಿಸಿದೋರು ನಿಮ್ಮೂರಿನವರೇ, ಆನಂದಪ್ಪನವರು" ಅಂದ.

"ಯಾವ ಆನಂದಪ್ಪ? ನಮ್ ಹೋಟ್ಲು ಆನಂದಪ್ಪನಾ?" ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು.

"ಅವರೇ. ಮೇಲೆ ಬರ್ರಿ ಆನಂದಪ್ಪನೋರೆ."

ಆನಂದಪ್ಪ ಬೇಡ ಬೇಡ ಅಂದ. ಅಕ್ಕಪಕ್ಕದವರು ರಟ್ಟೆ ಹಿಡಿದು ಎಬ್ಬಿಸಿದರು. ಗಂಗಾಧರಪ್ಪ ಪಟ್ಟಿಯನ್ನು ತಾನು ಹಿಡಿದು ಕತ್ತರಿಯನ್ನು ಅವನ ಕೈಗಿತ್ತ. ನಡುಗುವ ಕತ್ತರಿ ಕೆಳಕ್ಕೆ ಬಂತು. ಒಬ್ಬ ಹೆಂಗಸು 'ನಿಲ್ಲಿಸಿ' ಅಂದಳು. ಕತ್ತರಿಸಿದ ತುಂಡು ಸೊಟ್ಟಗಿತ್ತು, ಆದರೆ ಸಾಲು ಹೊಂದಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಹೋಟೆಲಿನಲ್ಲಿ ಇಷ್ಟು ಕಾಲ ಕಾಫಿ ಕುಡಿದವರು ಅವನನ್ನು ಹೊಸಬನಂತೆ ನೋಡಿದರು.

ಆನಂದಪ್ಪ ಕೆಳಗಿಳಿಯಲಿಲ್ಲ. ಚಪ್ಪಾಳೆ ತಗ್ಗುವ ತನಕ ನಿಂತಿದ್ದು, "ಇದು ನನ್ನದಲ್ಲ" ಅಂದ. "ಕಂಪನಿಯಲ್ಲಿ ನಾಯಕಿ ಪಾತ್ರ ಮಾಡ್ತಿದ್ದ ಲೋಕಮ್ಮ ಅಂತ ಇದ್ಲು. ಅವಳು ಕಲಿಸಿದ್ದು. ಅವಳಿಗೆ ಯಾರು ಕಲಿಸಿದ್ರೋ ನಂಗೆ ಗೊತ್ತಿಲ್ಲ." ಹೇಳಿ ಸರಸರನೆ ಇಳಿದುಹೋದ.

ಆಮೇಲೆ ಹೋಟೆಲಿನಲ್ಲಿ ಗಂಗಾಧರಪ್ಪ ಕೇಳಿದ: "ನನಗ್ಯಾಕೆ ಆಗ ಈ ಹೆಸರು ಹೇಳ್ಲಿಲ್ಲ?"

"ಮನೆಯವಳಿಗೆ ಕಂಪನಿ ಹೆಂಗಸ್ರ ಹೆಸರು ಕೇಳಿದ್ರೆ ಆಗ್ತಿರ್ಲಿಲ್ಲ. ನೀನು ಊರೂರಲ್ಲಿ ಹೇಳಿ, ಅದು ತಿರುಗಿ ನಮ್ಮನೆ ಬಾಗಿಲಿಗೇ ಬಂದ್ರೆ? ಅವಳು ಇರೋ ತನಕ ಸುಮ್ನಿದ್ದೆ. ಹೋದ ವರ್ಷ ಅವಳೂ ಹೋದ್ಲು." ಆನಂದಪ್ಪ ಒಲೆಯ ಕಡೆ ನೋಡಿದ. "ಲೋಕಮ್ಮ ಹರಿಹರದ ಬಿಡಾರದಲ್ಲಿ ಜ್ವರ ಬಂದು ತೀರಿಕೊಂಡ್ಲು. ಅವಳ ಕಡೆಯೋರು ಯಾರು, ಯಾವ ಊರು ಅಂತ ಒಂದಿನವೂ ಬಾಯಿ ಬಿಡ್ಲಿಲ್ಲ."

ಅಂದಿನಿಂದ ಗಂಗಾಧರಪ್ಪ ಎರಡು ಹೆಸರು ಹೇಳತೊಡಗಿದ. ಸುಗ್ಗಿ ಮುಗಿದ ಮೇಲೆ ಕುಪ್ಪಗಡ್ಡೆಯ ಶಾಲೆಯಲ್ಲಿ ಆಟವಿತ್ತು. "ನಾಟಕ ಕಂಪನಿಯ ಲೋಕಮ್ಮನವರು ಆನಂದಪ್ಪನವರಿಗೆ ಕಲಿಸಿದ್ದು, ಅವರು ನನಗೆ ಕಲಿಸಿದ್ದು" ಎಂದು ಹೇಳಿ ಆಡಿದ. ಮುಗಿದ ಮೇಲೆ ಸಾಮಾನು ಕಟ್ಟುತ್ತಿದ್ದಾಗ ವಯಸ್ಸಾದ ಹೆಂಗಸೊಬ್ಬಳು ಬಂದು ನಿಂತಳು. ಹೆಸರು ಗುಡ್ಡಮ್ಮ. ಹಿಂದೆ ಅವಳ ಮಗ ಸಣ್ಣಪ್ಪ, ನಲವತ್ತರ ರೈತ, ಮುಖ ಗಂಟಿಕ್ಕಿಕೊಂಡು ನಿಂತಿದ್ದ.

"ಸಾಹುಕಾರ್ರೆ, ಆ ಹೆಸರು ಇನ್ನೊಂದ್ ಸಲ ಹೇಳ್ರಿ."

"ಲೋಕಮ್ಮ."

"ಅವ್ವಾ, ನಡಿ ಮನೆಗೆ. ಲೋಕದಾಗೆ ಎಷ್ಟು ಲೋಕಮ್ಮ ಇರಲ್ಲ!" ಅಂದ ಸಣ್ಣಪ್ಪ.

ಗುಡ್ಡಮ್ಮ ಅಲುಗಲಿಲ್ಲ. ತನ್ನ ಅಕ್ಕ ಲೋಕಮ್ಮ ನಾಟಕದವರ ಜೊತೆ ಹೋದಳೆಂದೂ, ಅಪ್ಪ ಆ ವಾರವೇ ಅವಳು ಸತ್ತಳೆಂದು ತಿಥಿ ಮಾಡಿ ಊರಿಗೆ ಊಟ ಹಾಕಿಸಿದನೆಂದೂ ಹೇಳಿದಳು. "ಅವಳು ಕತ್ತರಿ ಯಾವ ಕೈಲಿ ಹಿಡೀತಿದ್ಲು?"

ಗಂಗಾಧರಪ್ಪನಿಗೆ ಗೊತ್ತಿರಲಿಲ್ಲ. "ಆನಂದಪ್ಪನೋರಿಗೆ ಗೊತ್ತಿರ್ತದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಸೊರಬಕ್ಕೆ ಹೋಗೋಣ್ರಿ ತಾಯಿ."

ಸಣ್ಣಪ್ಪ ತಾನು ಬರುವುದಿಲ್ಲ ಅಂದ. ಗುಡ್ಡಮ್ಮ ಗಂಗಾಧರಪ್ಪನ ಜೊತೆಗೇ ಬಸ್ಸು ಹತ್ತಿದಳು. ಹೋಟೆಲಿನ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕೂತು, ಕಾಫಿಯನ್ನೂ ಮುಟ್ಟದೆ ಅದೇ ಪ್ರಶ್ನೆ ಕೇಳಿದಳು.

"ಎಡಗೈಲಿ" ಅಂದ ಆನಂದಪ್ಪ. "ಊಟಕ್ಕೆ ಮಾತ್ರ ಬಲಗೈ. ಅದೂ ಚಿಕ್ಕವಳಿದ್ದಾಗ ಅಪ್ಪ ಹೊಡೆದು ಕಲಿಸಿದ್ದು ಅಂತಿದ್ಲು."

ಗುಡ್ಡಮ್ಮ ಎರಡೂ ಕೈಯಲ್ಲಿ ಬೆಂಚು ಹಿಡಿದುಕೊಂಡಳು.

ಆನಂದಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಬಂದು ಎದುರಿಗೆ ಕೂತ. ಬಂದ ಗಿರಾಕಿಗಳಿಗೆ ಗಂಗಾಧರಪ್ಪನೇ ಕಾಫಿ ಕೊಟ್ಟ. ಲೋಕಮ್ಮ ಪಾತ್ರದ ಮಾತುಗಳನ್ನು ಬೇರೆಯವರ ಬಾಯಿಂದ ಕೇಳಿ ಕಲಿಯುವುದು ಬೇಸರವೆಂದು ಕಂಪನಿಯಲ್ಲೇ ಅಕ್ಷರ ಕಲಿತದ್ದು, ಪರದೆ ಬದಲಿಸುವ ಹೊತ್ತಿನಲ್ಲಿ ಜನ ಗಲಾಟೆ ಮಾಡದಿರಲೆಂದು ಈ ಆಟ ಆಡುತ್ತಿದ್ದದ್ದು, ಮಾಲೀಕನ ಜೊತೆ ಜಗಳವಾಡಿ ಅಡಿಗೆಯವನಿಗೆ ಹೊದಿಕೆ ಕೊಡಿಸಿದ್ದು, ಎಲ್ಲ ಹೇಳಿದ.

"ಅಕ್ಕ ಓದ್ತಿದ್ಲಾ?" ಗುಡ್ಡಮ್ಮ ಬೆರಗಾದಳು.

"ನನಗೂ ಓದಿ ಹೇಳ್ತಿದ್ಲು."

"ಮಣ್ಣು ಯಾರು ಮಾಡಿದ್ರು?"

"ನಾನೇ. ಕಂಪನಿಯೋರೆಲ್ಲ ಬಂದಿದ್ರು. ಅವತ್ತು ನಾಟಕ ಆಡ್ಲಿಲ್ಲ."

"ನಮ್ಮಪ್ಪ ತಿಥಿ ಮಾಡಿದಾಗ ಯಾರನ್ನೂ ಅಳೋಕೆ ಬಿಡ್ಲಿಲ್ಲ" ಅಂದಳು ಗುಡ್ಡಮ್ಮ. ಆಮೇಲೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಗಟ್ಟಿಯಾಗಿಯೇ ಅತ್ತಳು. ಹೋಟೆಲಿನಲ್ಲಿದ್ದವರು ಮಾತು ನಿಲ್ಲಿಸಿ, ಒಬ್ಬೊಬ್ಬರೇ ಎದ್ದು ಹೊರಗೆ ಹೋಗಿ ನಿಂತರು. ಅತ್ತು ಮುಗಿಸಿ, ಆರಿದ ಕಾಫಿಯನ್ನು ಬಿಸಿ ಮಾಡಿಸಿಕೊಂಡು ಕುಡಿದಳು.

ಕೆಲವು ದಿನಗಳ ಮೇಲೆ ಸಣ್ಣಪ್ಪ ಶಿಕಾರಿಪುರದ ಅಂಗಡಿಗೆ ಬಂದ. ಬಟ್ಟೆ ನೋಡುವವನಂತೆ ಒಂದು ಪಂಚೆಯ ಅಂಚನ್ನು ತಿರುವಿದ. ಗಂಗಾಧರಪ್ಪ ಕೂರಿ ಅಂದರೂ ಕೂರಲಿಲ್ಲ.

"ಅವ್ವ ಹೇಳಿ ಕಳ್ಸಿದ್ದು ಒಂದು, ನಾನು ಹೇಳೋಕೆ ಬಂದಿದ್ದು ಇನ್ನೊಂದು."

"ಎರಡೂ ಹೇಳ್ರಿ, ಕೇಳ್ತೀನಿ."

"ಬರೀ ಲೋಕಮ್ಮ ಅಂದ್ರೆ ಸಾಲದಂತೆ. ಕುಪ್ಪಗಡ್ಡೆ ಲೋಕಮ್ಮ ಅನ್ನಬೇಕಂತೆ."

"ನಿಮ್ಮದು?"

"ಹೆಸರೇ ಬೇಡ ಅನ್ನೋಣ ಅಂತ ಬಂದೆ. ಮಗಳಿಗೆ ಗಂಡು ನೋಡ್ತಾ ಇದೀವಿ. ನಾಟಕದೋರ ಮನೆ ಅಂದ್ರೆ ಕಷ್ಟ."

ಗಂಗಾಧರಪ್ಪನಿಗೂ ಮದುವೆಗೆ ಬಂದ ಮಗಳಿದ್ದಳು. "ನಿಮ್ಮ ಕಷ್ಟ ಸುಳ್ಳಲ್ಲ. ನೀವು ಬೇಡ ಅಂದ್ರೆ ಊರ ಹೆಸರು ಹೇಳಲ್ಲ. ಆದ್ರೆ ಅವರ ಹೆಸರು ಬಿಟ್ಟು ಆಟ ಆಡೋಕೆ ನನ್ನಿಂದ ಆಗಲ್ಲ. ಆಟನೇ ಬಿಡ್ತೀನಿ ಬೇಕಾದ್ರೆ" ಅಂದ.

ಸಣ್ಣಪ್ಪ ಪಂಚೆ ಮಡಿಸಿಟ್ಟ. ರಸ್ತೆಯ ಕಡೆ ತಿರುಗಿ ನಿಂತು ಕೇಳಿದ: "ದೊಡ್ಡವ್ವ ಅಷ್ಟು ಚೆಂದ ಆಡ್ತಿದ್ಲಾ?"

"ನಾನು ನೋಡಿಲ್ಲ. ಪರದೆ ಸರಿದಿದ್ರೂ ಜನ ನಾಟಕ ಬೇಡ, ಇನ್ನೊಂದು ಪಟ್ಟಿ ಕತ್ತರಿಸು ಅಂತ ಕೂಗ್ತಿದ್ರಂತೆ. ಆನಂದಪ್ಪನೋರು ಹೇಳಿದ್ದು."

ಸಣ್ಣಪ್ಪ ತುಸು ನಕ್ಕ. ದುಡ್ಡು ಎಣಿಸಿಟ್ಟು, ಪಂಚೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದವನು, ಕೆಳಗಿನಿಂದಲೇ, "ಅವ್ವ ಹೇಳಿದ್ದನ್ನೇ ಇಟ್ಕೊಳ್ರಿ" ಅಂದು ಬಸ್‌ಸ್ಟ್ಯಾಂಡಿನ ಕಡೆ ನಡೆದ.