ಮದರಂಗಿ ಕೈ

ಕಮಲಾಪುರದ ಮೆಹಬೂಬಿಯ ಬಾಯಿ ಅಂದ್ರೆ ಬಾಯಿ! ಕಲಬುರಗಿಯಿಂದ ಮದುವೆಯಾಗಿ ಬಂದ ಸೊಸೆ ಮರಿಯಮ್ ತಿಂಗಳೊಪ್ಪತ್ತಿನಲ್ಲಿ ಮೈಕೈ ಕೆರೆದುಕೊಳ್ಳತೊಡಗಿದ್ದೇ ತಡ, ಓಣಿಗೆಲ್ಲ ಡಂಗುರ ಸಾರಿದಳು: “ತವರಿಂದ ಕಜ್ಜಿ ಹೊತ್ಕೊಂಡು ಬಂದಾಳ ನೋಡ್ರೆವ್ವಾ!” ಸೊಸೆಯ ತಾಟು ಬೇರೆಯಾಯಿತು, ಹಾಸಿಗೆ ಬೇರೆಯಾಯಿತು. ಶುಕ್ರವಾರ ಮಗ ಉಜೈರ್ ಅವಳನ್ನು ತವರಿಗೆ ಬಿಟ್ಟು ಬರುವುದೆಂದೂ ಠರಾವಾಯಿತು.

ಇಷ್ಟು ಕೂಗಾಡುವವಳ ಸ್ವಂತ ಕೈಗೆ ಮಾತ್ರ ಮದುವೆ ಮುಗಿದರೂ ಮದರಂಗಿ ತಪ್ಪಿರಲಿಲ್ಲ. ಬೆರಳ ಸಂದಿಯಲ್ಲಿ ಗುಳ್ಳೆ ಎದ್ದದ್ದು ಮದುವೆಗೂ ಮೊದಲೇ. ಬಟ್ಟೆ ಖರೀದಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋದಾಗ ಔಷಧದಂಗಡಿಯಲ್ಲಿ ಗುಟ್ಟಾಗಿ ಕೇಳಿ ಒಂದು ಮುಲಾಮು ತಂದಿದ್ದಳು. ಹಚ್ಚಿದರೆ ತುರಿಕೆ ತಣ್ಣಗಾಗುತ್ತಿತ್ತು, ಬಿಟ್ಟರೆ ಮತ್ತೆ ಶುರು. ಬೀಗರ ಮುಂದೆ ಮಾನ ಹೋದೀತೆಂದು ಸಂದಿಸಂದಿಗೂ ಮದರಂಗಿ ಮೆತ್ತಿದಳು. ಈಗ ನಿಜ ಹೇಳೋಣವೆಂದರೆ ನಾಲಿಗೆ ಏಳದು.

ಸೊಸೆ ದವಾಖಾನೆಗೆ ಹೋಗಿ ತೋರಿಸಿದ್ದಳು. ಗುರುವಾರ ಸಂಜೆ ಅಲ್ಲಿಯ ನರ್ಸ್ ನಾಗರತ್ನಾ ಔಷಧ ಹಿಡಿದು ಮನೆಗೇ ಬಂದಳು.

“ಕುತ್ತಿಗಿಯಿಂದ ಅಂಗಾಲಿನ ತನಕ ಹಚ್ಕೊಂಡು ಮಲಗ್ರಿ, ಮುಂಜಾನೆ ಜಳಕ ಮಾಡ್ರಿ. ಅರಿವಿ, ಹಾಸಿಗಿ ಬಿಸಿನೀರಾಗ ಒಗೀರಿ. ವಾರ ಬಿಟ್ಟು ಇನ್ನೊಂದ್ಸಲ ಹಚ್ರಿ. ತುರಿಕಿ ಇರಲಿ ಬಿಡಲಿ, ಮನ್ಯಾಗಿನವ್ರೆಲ್ಲಾ ಒಂದೇ ದಿನ ಹಚ್ಕೋಬೇಕು.”

“ನನಗ್ಯಾಕವ್ವಾ? ನನಗೇನಾಗ್ಯಾದ?” ಮೆಹಬೂಬಿ ಸಿಡುಕಿದಳು.

“ಒಬ್ಬರು ಬಿಟ್ರ ಎಲ್ಲಾರಿಗೂ ತಿರುಗಿ ಬರ್ತದ್ರೀ ಖಾಲಾ. ಸೊಸೀನ ತವರಿಗೆ ಕಳಿಸಿದ್ರೂ ಕಜ್ಜಿ ಹೋಗೂದಿಲ್ಲ,” ಎಂದು ನಾಗರತ್ನಾ ಚಪ್ಪಲಿ ಮೆಟ್ಟಿದಳು.

ದೀಪ ಹಚ್ಚುವ ಹೊತ್ತಿಗೆ ಮರಿಯಮ್ ಔಷಧ ಹಿಡಿದು ಬಂದಳು. ಹಿಂದೆ ಗೋಡೆಗೆ ಒರಗಿ ಅವಳ ಬ್ಯಾಗು ಸಿದ್ಧವಾಗಿ ನಿಂತಿತ್ತು.

“ಅಮ್ಮೀ, ನಾಳೆ ಹೋಗ್ತೀನಿ. ಬೆನ್ನಿಗೆ ನಿಮ್ಮ ಕೈ ಮುಟ್ಟೂದಿಲ್ಲ, ಇವತ್ತ ನಾನೇ ಹಚ್ತೀನಿ.” ಹಾಗೆಂದವಳು ಮೊದಲು ಹಿಡಿದದ್ದು ಅತ್ತೆಯ ಬೆರಳುಗಳನ್ನು. ಸಂದಿ ಬಿಡಿಸಿ ಮೆಲ್ಲಗೆ ಹಚ್ಚಿದಳು.

ಮೆಹಬೂಬಿ ಕೈ ಹಿಂದಕ್ಕೆಳೆದುಕೊಂಡಳು. “ನಿನಗ ಗೊತ್ತದೇನ?”

“ನಿಕಾಹ್ ಆದ ವಾರ ನಿಮ್ಮ ಕೈಗೆ ಮದರಂಗಿ ಹಚ್ಚಿದಾಕಿ ನಾನೇ ಅಲ್ಲೇನ್ರೀ?”

“ಮತ್ತ ಯಾಕ ಬಾಯಿ ಬಿಡಲಿಲ್ಲ?”

“ನಿಮ್ಮ ತಾಟು ಬ್ಯಾರೆ ಇಡೂದು ನನ್ನ ಕೈಲೆ ಆಗ್ತಿರಲಿಲ್ಲ.”

ಯಾ ಅಲ್ಲಾ! ನಾಚಿಕೆಯಿಂದ ಮೆಹಬೂಬಿಗೆ ಕುಂತಲ್ಲಿ ಕೂಡಲಾಗಲಿಲ್ಲ. ಎದ್ದು ಬಾಗಿಲಿಗೆ ಹೋಗಿ, ಎರಡೂ ಕೈ ಚಾಚಿ, ಅದೇ ಓಣಿಗೆ ಅದೇ ಗಂಟಲಲ್ಲಿ ಕೂಗಿದಳು: “ಕೇಳ್ರೆವ್ವಾ! ಕಜ್ಜಿ ಮೊದಲ ನನಗೇ ಬಂದದ. ಸೊಸಿಗೆ ಹತ್ತಿಸಿದಾಕಿ ನಾನು. ಆಕಿ ಎಲ್ಲಿಗೂ ಹೋಗೂದಿಲ್ಲ!”

ಒಳಗೆ ಬಂದು ಅವಳು ಸೊಸೆಗೆ ಬೆನ್ನು ಕೊಟ್ಟು ಕೂತಳು.

“ಹಚ್ಚವ್ವಾ. ಆಮ್ಯಾಲೆ ನಿನ್ನ ಬೆನ್ನಿಗೆ ನಾ ಹಚ್ತೀನಿ.”