ವೇದವಾಕ್ಯಕ್ಕೆ ಬಿಟ್ಟ ಜಾಗ

ಎಸ್ನಾತ್ ಕೊಡ ಇಳಿಸಿ ನೋಡಿದರೆ ಕುಂಬಳದ ಬಳ್ಳಿಗಳ ನಡುವೆ ಕೆಂಪು ಬಣ್ಣ ಬಳಿದ ಗೂಟ ನಿಂತಿತ್ತು. ನಿನ್ನೆ ಇರಲಿಲ್ಲ. ಅದರಾಚೆ ಇನ್ನೊಂದು, ಮತ್ತೊಂದು, ಶೀರೆ ನದಿಯ ದಂಡೆಯುದ್ದಕ್ಕೂ. ಎಳೆ ಜೋಳವನ್ನು ತುಳಿದು ಯಾರೋ ದಾರಿ ಮಾಡಿಕೊಂಡಿದ್ದರು. ಮೇಲಿನ ಹೊಲದ ಬೆಳೆಯೆಲ್ಲ ನೆರೆಗೆ ಹೋಗಿತ್ತು. ನೆರೆ ಇಳಿದ ಮೇಲೆ ಬಿತ್ತಿದ ದಂಡೆಯ ಈ ಹಸಿ ಮಣ್ಣೊಂದೇ ನಲವತ್ತು ಮನೆಗಳ ಒಲೆ ಉರಿಸುತ್ತಿತ್ತು.

ಕಾವಲುಗಾರನೊಬ್ಬ ಮರದ ಕೆಳಗೆ ಕೂತು ಕಬ್ಬು ಸಿಗಿಯುತ್ತಿದ್ದ.

"ಅಣ್ಣಾ, ಏನಿದು?"

"ಕಬ್ಬಿನ ಕಂಪನಿ ಜಾಗ. ಸೋಮವಾರ ನೆಲ ಸಮ ಮಾಡೋ ಮಿಷನ್ ಬರ್ತದೆ. ಸೊಪ್ಪು ಗಿಪ್ಪು ಇದ್ರೆ ಅಷ್ಟರಲ್ಲಿ ಕೊಯ್ಕೋ."

"ಇದು ನಮ್ದು. ಅಜ್ಜಿ ಕಾಲದಿಂದ ನಮ್ದು."

"ನೀವೇ ಬರ್ಕೊಟ್ಟಿದ್ದೀರಲ್ಲ ತಂಗಿ! ಹೆಬ್ಬೆಟ್ಟು ಒತ್ತೋವಾಗ ನಿದ್ದೆ ಮಾಡ್ತಿದ್ರಾ?"

ಮಧ್ಯಾಹ್ನ ಊರ ಮುಖ್ಯಸ್ಥನ ಅಂಗಳದಲ್ಲಿ ಕಂಪನಿಯ ಅಧಿಕಾರಿ ಆ ಕಾಗದವನ್ನು ಎತ್ತಿ ತೋರಿಸಿದ. ಅವನ ಪಕ್ಕದ ಕುರ್ಚಿಯಲ್ಲಿ ಊರ ಚರ್ಚಿನ ಪಾಸ್ಟರ್ ಮ್ಕ್ವಿಂಡಾ ಕಣ್ಣು ಮುಚ್ಚಿ ಕೂತಿದ್ದರು. ಎಸ್ನಾತ್ ಎಂದಿನಂತೆ ಎಲ್ಲರ ಬೆನ್ನ ಹಿಂದೆ ನಿಂತಿದ್ದಳು. ಕಾಗದದ ಮೇಲ್ಭಾಗದಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಸಾಲುಗಳು. ಕೆಳಗೆ ಕೈಯಲ್ಲಿ ಬರೆದ ನಲವತ್ತೊಂದು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ನೀಲಿ ಹೆಬ್ಬೆಟ್ಟು.

ಕೈಬರಹ ಅವಳದೇ.

ಉಪವಾಸ ಪ್ರಾರ್ಥನೆಯ ವಾರ ಪಾಸ್ಟರು ಅವಳನ್ನು ಕರೆದಿದ್ದರು. ಅಜ್ಜಿ ಹಾಸಿಗೆ ಹಿಡಿದಾಗ ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಅವತ್ತಿನವರೆಗೆ ಯಾರೂ ಬರೆಯಲು ಕರೆದಿರಲಿಲ್ಲ. "ನಿನ್ನ ಅಕ್ಷರ ಚೆನ್ನಾಗಿದೆ ಮಗಳೇ. ಯಾರ್‍ಯಾರಿಗೆ ಪ್ರಾರ್ಥನೆ ಬೇಕೋ ಅವರ ಹೆಸರು ಬರಿ. ಕಷ್ಟ ಏನಂತ ಬರೀಬೇಡ, ಅದು ಕರ್ತನಿಗೆ ಗೊತ್ತು. ಮೇಲೆ ಒಂದು ಗೇಣು ಜಾಗ ಬಿಡು, ಅಲ್ಲಿ ನಾನು ವೇದವಾಕ್ಯ ಬರೀತೀನಿ," ಎಂದಿದ್ದರು. ಹೆಬ್ಬೆಟ್ಟಿಗೆ ಶಾಯಿಯನ್ನೂ ಅವರೇ ತಂದಿದ್ದರು. ಪಾಸ್ಟರನ್ನು ಯಾಕೆ ಎಂದು ಯಾರು ಕೇಳುತ್ತಾರೆ? ಎಸ್ನಾತ್ ಆ ವಾರವೆಲ್ಲ ಹೆಮ್ಮೆಯಿಂದ ಓಡಾಡಿದ್ದಳು.

ಮನೆಯಲ್ಲಿ ಡೊರಿಕಾ ಅಜ್ಜಿ ಚಾಪೆಯ ಮೇಲೆ ಕೆಮ್ಮುತ್ತಿದ್ದಳು. ನಲವತ್ತು ವರ್ಷ ಚರ್ಚಿನ ಸಭೆಯ ಹೆಂಗಸರ ಸಂಘದಲ್ಲಿದ್ದವಳು. ಸಂಘದವಳೊಬ್ಬಳು ಸತ್ತರೆ ಚರ್ಚಿನ ಮುಂದೆ ತೂಗುಬಿಟ್ಟ ರೈಲು ಕಂಬಿಯನ್ನು ಗಂಟೆಯಂತೆ ಬಾರಿಸುತ್ತಾರೆ. ಬಿಳಿ ರವಿಕೆ ತೊಟ್ಟ ಹೆಂಗಸರು ಹಾಡುತ್ತ ಬರುತ್ತಾರೆ. ಸಭೆಯಿಂದ ಹೊರಹಾಕಿದ ಮನೆಗೆ ಇದ್ಯಾವುದೂ ಇಲ್ಲ. ಅಂಥ ಒಂದು ಸಾವನ್ನು ಊರು ಎರಡು ವರ್ಷದ ಹಿಂದೆ ನೋಡಿತ್ತು. ಆ ಮನೆಯವರ ಹೆಸರನ್ನು ಈಗಲೂ ಯಾರೂ ಎತ್ತುವುದಿಲ್ಲ.

ಎಸ್ನಾತ್ ಎಲ್ಲ ಹೇಳಿದಳು.

"ಮಾತಾಡ್ಬೇಡ ಅನ್ನಲ್ಲ ಕಣೇ. ನನ್ನ ಮಣ್ಣಾಗ್ಲಿ, ಆಮೇಲೆ ಮಾತಾಡು. ಇನ್ನೆಷ್ಟು, ನಾಲ್ಕೋ ಐದೋ ದಿನ."

"ಮಿಷನ್ ಸೋಮವಾರ ಬರ್ತದಜ್ಜಿ."

"ಹಂಗಾದ್ರೆ ನಾನು ಶನಿವಾರಕ್ಕೇ ಹೊರಡ್ಲಾ?" ಅಜ್ಜಿ ನಕ್ಕಳು, ನಗು ಕೆಮ್ಮಾಯಿತು. ಆಮೇಲೆ ಗೋಡೆಯ ಕಡೆ ತಿರುಗಿದಳು. "ನನ್ನ ಹೆಬ್ಬೆಟ್ಟನ್ನ ಅವರೇ ಕೈ ಹಿಡಿದು ಒತ್ತಿಸ್ಕೊಂಡ್ರು. ಬೇಗ ಗುಣ ಆಗ್ಲಿ ಅಂತ ಅಂದ್ರು."

ಆ ಹೆಬ್ಬೆಟ್ಟನ್ನು ಚಾಪೆಯ ಅಂಚಿಗೆ ಉಜ್ಜತೊಡಗಿದಳು.

ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯ ಚಿಕೋಪ ಪ್ರಕಟಣೆಗಳನ್ನು ಓದಿ, "ಬೇರೆ ಏನಾದ್ರೂ ಇದ್ಯಾ?" ಎಂದ. ಪ್ರತಿ ವಾರ ಕೇಳುತ್ತಿದ್ದ, ಪ್ರತಿ ವಾರ ಯಾರೂ ಏಳುತ್ತಿರಲಿಲ್ಲ.

ಎಸ್ನಾತ್ ಎದ್ದಳು. ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆ ಪಟ್ಟಿ ನಾನು ಬರೆದಿದ್ದು. ಅದು ಪ್ರಾರ್ಥನೆ ಪಟ್ಟಿ. ಜಾಗ ಕೊಡೋಕೆ ಯಾರೂ ಹೆಬ್ಬೆಟ್ಟು ಒತ್ತಿಲ್ಲ."

ಪಾಸ್ಟರು ಮೃದುವಾಗಿ ನಕ್ಕರು. "ಪಾಪ, ಆರನೇ ಕ್ಲಾಸು. ಕಾಗದಪತ್ರದ ವಿಷಯ ನಿಂಗೇನು ಗೊತ್ತಮ್ಮ? ಕೂತ್ಕೋ."

ಗಂಡಸರ ಸಾಲಿನಲ್ಲಿ ನಗು ಹರಿಯಿತು. ಆದರೂ ಎಸ್ನಾತ್ ಕೂರಲಿಲ್ಲ.

"ಮೇಲೆ ಜಾಗ ಬಿಡಿಸಿದ್ರಲ್ಲ ಪಾಸ್ಟರೇ, ವೇದವಾಕ್ಯಕ್ಕೆ ಅಂತ. ಯಾವ ವಾಕ್ಯ ಬರೆದ್ರಿ?"

ನಗು ನಿಂತಿತು. ಪಾಸ್ಟರು ಸತ್ಯವೇದದ ಮೇಲೆ ಕೈ ಇಟ್ಟರು. ಹಾಳೆ ತಿರುವಲಿಲ್ಲ. ಅವರು ಮಾತಾಡಿದಾಗ ದನಿಯಲ್ಲಿ ಮೃದುತನ ಉಳಿದಿರಲಿಲ್ಲ.

"ಕರ್ತನ ಸೇವಕನ ಮೇಲೆ ನಾಲಿಗೆ ಎತ್ತಿದವರ ಮನೆ ಏನಾಗ್ತದೆ ಅಂತ ಈ ಊರು ನೋಡಿದೆ."

"ಡೊರಿಕಾ ಮನೆ ಇವತ್ತಿಂದ ಸಭೆಯ ಹೊರಗೆ," ಎಂದ ಚಿಕೋಪ.

ಹೆಂಗಸರೆಲ್ಲ ತಮ್ಮ ಪಾದ ನೋಡಿಕೊಂಡರು. ಆಗ ಸಂಘದ ಮುಂದಾಳು ನಗಾಮ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ನನ್ ಮಗಳ ಬಸುರು ನಿಲ್ಲಲಿ ಅಂತ ಒತ್ತಿದ್ದೆ ನಾನು."

"ಜೋಹಾನ್ಸ್‌ಬರ್ಗಿಗೆ ಹೋದ ಗಂಡ ಬದುಕಿರ್ಲಿ ಅಂತ ನಾನು," ಎಂದಳು ಹಿಂದಿನ ಬೆಂಚಿನವಳು.

"ನಾನು ಮೊಮ್ಮಗನ ಮೂರ್ಛೆರೋಗಕ್ಕೆ..."

ಪಾಸ್ಟರು ಹಾಡುಗಾರರಿಗೆ ಕೈ ಬೀಸಿದರು. ಹಾಡು ಜೋರಾಗಿ ಎದ್ದು ಉಳಿದವರ ಮಾತುಗಳನ್ನೆಲ್ಲ ನುಂಗಿತು.

ಸೋಮವಾರ ಬೆಳಗಾಗುತ್ತಲೇ ಡೊರಿಕಾ ಅಜ್ಜಿ ತೀರಿಕೊಂಡಳು. ಎಸ್ನಾತ್ ಚಿಕೋಪನ ಬಾಗಿಲಿಗೆ ಹೋಗಿ ಹೇಳಿದಳು. ಅವನು ಬಾಗಿಲು ಮುಚ್ಚಿಕೊಂಡ. ರೈಲು ಕಂಬಿ ಬಾರಿಸಲಿಲ್ಲ.

ಅಂಗಳ ಖಾಲಿಯಿತ್ತು. ಪಕ್ಕದ ಮನೆಯ ಇಬ್ಬರು ಗಂಡಸರು ಗುಂಡಿ ತೋಡಲು ಹೋದರು. ಎಸ್ನಾತ್ ಅಜ್ಜಿಯ ಮೈ ತೊಳೆದಳು, ಬಿಳಿ ರವಿಕೆ ತೊಡಿಸಿದಳು. ನಾನೇ ಇವಳ ಹಾಡು ಕಿತ್ತುಕೊಂಡೆ ಎಂದುಕೊಂಡಳು.

ಹೊತ್ತು ನೆತ್ತಿಗೇರಿದಾಗ ನಗಾಮ ಬಂದಳು. ದಿನ ಬಳಸುವ ಬಣ್ಣದ ಬಟ್ಟೆ ಸುತ್ತಿಕೊಂಡಿದ್ದಳು. ಹಿಂದೆ ಹತ್ತು ಹೆಂಗಸರು.

"ನಿಮ್ ರವಿಕೆ ಎಲ್ಲಕ್ಕಾ?"

"ಚಿಕೋಪ ಬಂದು ಕಿತ್ಕೊಂಡ್ ಹೋದ. ತಗೊಂಡ್ ಹೋಗಿ ಅವನೇ ತೊಟ್ಕೊಳ್ಲಿ. ಗಂಟಲು ನನ್ ಹತ್ರಾನೇ ಇದೆ."

ಚಿಕೋಪ ದಾರಿಯಂಚಿನಲ್ಲಿ ಸೈಕಲ್ ಒರಗಿಸಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಹೆಂಗಸರು ಅಜ್ಜಿಯನ್ನು ಹೊತ್ತು ಅವನ ಎದುರಿಗೇ ಹಾಡುತ್ತ ಹೋದರು. ಗುಂಡಿಯ ಬಳಿ ಎಲ್ಲರೂ ನಿಂತರು. ಪ್ರಾರ್ಥನೆ ಮಾಡುವವರು ಯಾರು?

"ನೀನೇ ಮಾಡು," ಎಂದಳು ನಗಾಮ.

"ನಂಗೆ ಬರಲ್ಲಕ್ಕಾ."

"ಆ ಪಾಸ್ಟರಿಗೆ ಚೆನ್ನಾಗಿ ಬರ್ತಿತ್ತು. ಏನಾಯ್ತು ನೋಡಿದ್ಯಲ್ಲ?"

ಎಸ್ನಾತ್ ಕಣ್ಣು ಮುಚ್ಚಲಿಲ್ಲ. "ಕರ್ತನೇ, ಇವಳು ಡೊರಿಕಾ. ನೀನು ಇವಳನ್ನ ಬಲ್ಲೆ. ಸುಳ್ಳು ಹೇಳಿದ್ದು ಅವರು, ನೀನಲ್ಲ. ಇವಳನ್ನ ಒಳಗೆ ಕರ್ಕೋ. ನಮ್ಮ ಜೊತೆ ಬಾ."

ಮಣ್ಣು ಮುಚ್ಚಿದರು. ಹಾಡು ನಿಂತ ಮೇಲೆ ಹೊಳೆಯ ಕಡೆಯಿಂದ ಮಿಷನ್ನಿನ ಸದ್ದು ಕೇಳಿಸಿತು.

"ನಡೀರಿ," ಎಂದಳು ನಗಾಮ.

"ಹೋಗಿ ಏನ್ಮಾಡೋಣ?"

"ಸೊಪ್ಪು ಕೊಯ್ಯೋಣ. ಸಾವಿನ ಮನೆ ಊಟಕ್ಕೆ ಸೊಪ್ಪು ಬೇಡ್ವಾ?"

ದಂಡೆಯ ಮೇಲಿನ ಜೋಳವನ್ನೆಲ್ಲ ಹಳದಿ ಯಂತ್ರ ಆಗಲೇ ಮಲಗಿಸಿತ್ತು. ಉಳಿದ ಕುಂಬಳದ ಪಾತಿಗಳೊಳಗೆ ಹನ್ನೆರಡು ಹೆಂಗಸರು ಇಳಿದು ಬಗ್ಗಿದರು. ಯಂತ್ರ ನಿಂತಿತು. ಓಡಿಸುವವನು ಕಾವಲುಗಾರನ ಮುಖ ನೋಡಿದ. ಕಾವಲುಗಾರ ದೂರ ಸರಿದು ಫೋನಿನಲ್ಲಿ ಏನೋ ಹೇಳಿದ.

ಸ್ವಲ್ಪ ಹೊತ್ತಿಗೆ ಮಣ್ಣುರಸ್ತೆಯಲ್ಲಿ ಧೂಳೆದ್ದಿತು. ಎರಡು ಪೊಲೀಸು ಜೀಪುಗಳು ದಂಡೆಯ ಮೇಲೆ ನಿಂತವು. ಬಾಗಿಲುಗಳು ತೆರೆದವು. ಮುಂದಿನ ಜೀಪಿನಿಂದ ಪಾಸ್ಟರು ಇಳಿದು, ಬೆರಳೆತ್ತಿ ಎಸ್ನಾತಳನ್ನು ತೋರಿಸಿದರು.

ಎಸ್ನಾತ್ ಕೈ ತಡೆದು ನಗಾಮಳತ್ತ ನೋಡಿದಳು.

"ಅವರು ಇಳಿದು ಬರ್ಲಿ," ಎಂದಳು ನಗಾಮ, ತಲೆ ಎತ್ತದೆ. "ನೀನು ಆ ಸಾಲು ಮುಗ್ಸು."